ಯಾರಿಗಿಂತ

ದುರ್ಗಿಗುಡಿಯ ಚಪ್ಪಲಿ ಅಂಗಡಿಯ ಮೇಲೆ, ಮೂರನೇ ಮಹಡಿ,
ಸಂಜೆ ಏಳರಿಂದ ಎಂಟೂವರೆ.
ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್ ಆಗಬೇಕಾದರೆ
ಇಂಗ್ಲಿಷ್ ಬೇಕಂತೆ. ಹಾಗಾಗಿ ನಾನು,
ನಲವತ್ತೊಂದು ವರ್ಷದವಳು,
ಎರಡನೇ ಬೆಂಚಿನಲ್ಲಿ.
ಬೆರಳಿಗಿನ್ನೂ ಮೆಷಿನ್ ಎಣ್ಣೆಯ ವಾಸನೆ.

ಫ್ಲಾವಿಯಾ ಟೀಚರು ಬೋರ್ಡಿನ ಮೇಲೆ ಎರಡು ಗೆರೆ ಎಳೆದರು,
ಒಂದು ಮೋಟು, ಒಂದು ಉದ್ದ.
ಟಾಲ್, ಟಾಲರ್.
ಸ್ಮಾಲ್, ಸ್ಮಾಲರ್.
ಮಾತಿನ ತುದಿಗೊಂದು ಪಟ್ಟಿ ಕೊಟ್ಟು ಮಡಚಿದ ಹಾಗೆ.
ಪಟ್ಟಿ ಕೊಡುವುದು ನನಗೆ ಕಲಿಸಬೇಕೆ?
ಲೂಸು, ಟೈಟು ಎರಡೂ ನನ್ನ ಅನ್ನದ ಮಾತು,
ಅವಕ್ಕೂ ಇಂಥ ಪಟ್ಟಿ ಉಂಟೆಂದು ಇವತ್ತು ತಿಳಿಯಿತು.

ಹಾಲೇಶನನ್ನೂ ಶಬೀನಾಳನ್ನೂ
ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿದರು.
ಅವನು ಹೊಸನಗರದ ಬಸ್ಸಿನ ಕಂಡಕ್ಟರು,
ಅವಳು ನರ್ಸಿಂಗ್ ಎರಡನೇ ವರ್ಷ.
ಶಬೀನಾ ಈಸ್ ಟಾಲರ್ ದ್ಯಾನ್ ಹಾಲೇಶ್.
ಎಲ್ಲರೂ ನಕ್ಕರು. ಹಾಲೇಶ ಹಿಮ್ಮಡಿ ಎತ್ತಿದ.
ನಾನು ಮನಸ್ಸಿನಲ್ಲೇ ಕನ್ನಡಕ್ಕೆ ತಂದುಕೊಂಡೆ:
ಹಾಲೇಶನಿಗಿಂತ ಶಬೀನಾ ಎತ್ತರ.
ನೋಡಿ, ನಮ್ಮಲ್ಲಿ ಎತ್ತರ ಎತ್ತರವೇ,
ಅದಕ್ಕೊಂದು ನೂಲೂ ಸೋಕಿಲ್ಲ.
ಹೊಲಿಗೆ ಬಿದ್ದಿರುವುದು ಹಾಲೇಶನ ಮೇಲೆ.
ಗೆದ್ದವರನ್ನು ಹಾಗೇ ಬಿಟ್ಟು
ಸೋತವರ ಹೆಸರಿಗೆ ಸೂಜಿ ಚುಚ್ಚುವ ಭಾಷೆ ನಮ್ಮದು.
ಹೇಳಬೇಕೆನಿಸಿತು. ಯಾವ ಇಂಗ್ಲಿಷಿನಲ್ಲಿ ಹೇಳಲಿ?

ಆಮೇಲೆ ಗುಡ್ ಬಂತು.
ಗುಡ್, ಗುಡ್ಡರ್, ಎಂದೆ ಜೋರಾಗಿ.
ಯಾವ ಗುಡ್ಡ ಅಕ್ಕಾ, ಎಂದಳು ಪಕ್ಕದವಳು.
ಟೀಚರು ತಲೆ ಅಲ್ಲಾಡಿಸಿ ಬರೆದರು: ಬೆಟರ್.
ಗುಡ್ ಎಲ್ಲಿ ಹೋಯಿತು ಟೀಚರ್?
ಒಂದಕ್ಷರವಾದರೂ ಉಳಿಯಬೇಡವೆ?
ಕೆಲವು ಹಾಗೇ, ಬಾಯಿಪಾಠ ಮಾಡಿ, ಎಂದರು.

ಬೆಟರ್ ನನಗೆ ಹೊಸದಲ್ಲ.
ಹನ್ನೊಂದು ದಿನದಿಂದ ಮೆಗ್ಗಾನ್ ಆಸ್ಪತ್ರೆಯಲ್ಲಿ
ಬೆಳಗಿನ ರೌಂಡ್ಸಿಗೆ ಬರುವ ಚಿಕ್ಕ ಡಾಕ್ಟರು
ಮಂಚಕ್ಕೆ ನೇತುಹಾಕಿದ ಹಾಳೆ ನೋಡಿ
ನನಗೆ ಹೇಳುವುದು ಅದೊಂದೇ ಮಾತು.
ಬೆಟರ್.
ಹುಚ್ಚರಾಯಣ್ಣ, ಸಾರುವೆ ಜಾರಿ ಬಿದ್ದ ಗಾರೆ ಮೇಸ್ತ್ರಿ,
ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ,
ಯಾರೋ ವಕ್ರವಾಗಿ ಕಟ್ಟಿದ ಗೋಡೆ ಎಂಬಂತೆ ಅದನ್ನೇ ನೋಡುತ್ತ.

ಕೈಯೆತ್ತಿದೆ.
ಟೀಚರ್, ಬರೀ ಬೆಟರ್ ಅಂದರೆ ಯಾರಿಗಿಂತ?
ದ್ಯಾನ್ ಬಿಟ್ಟರೂ ನಡೆಯುತ್ತೆ, ಎಂದರು,
ಹೋಲಿಕೆ ಯಾವುದರ ಜೊತೆ ಅಂತ ಇಬ್ಬರಿಗೂ ಗೊತ್ತಿದ್ದರೆ.
ಡಾಕ್ಟರಿಗೆ ಗೊತ್ತಿರಬಹುದು.
ನಿನ್ನೆಗಿಂತಲೋ?
ಪಕ್ಕದ ಮಂಚದ ಸೊರಬದ ಮುದುಕನಿಗಿಂತಲೋ?
ಆ ಮಂಚ ಮೊನ್ನೆ ಖಾಲಿಯಾಯಿತು.

ಅಷ್ಟರಲ್ಲಿ ಹಾಲೇಶ ಎದ್ದು, ಮೋರ್ ಬೆಟರ್, ಎಂದ.
ತಪ್ಪು, ಎಂದರು ಟೀಚರು,
ಅಂಗಿಯ ಮೇಲೆ ಇನ್ನೊಂದು ಅಂಗಿ ಹಾಕಿದ ಹಾಗಾಯಿತು.
ಚಳಿಯಾದರೆ ಹಾಕುವುದಿಲ್ಲವೆ?
ನೋಟ್ಸಿನ ಅಂಚಿನಲ್ಲಿ ಸಣ್ಣಕ್ಷರದಲ್ಲಿ ಬರೆದುಕೊಂಡೆ,
ಮೋರ್ ಬೆಟರ್.

ಕ್ಲಾಸು ಬಿಟ್ಟ ಮೇಲೆ ನಡೆದೇ ಹೋದೆ.
ಹುಚ್ಚರಾಯಣ್ಣ ಎಚ್ಚರವಿದ್ದ.
ಪ್ಯಾಂಟು ನಿಲ್ಲಲ್ಲ ಕಣೇ, ಎಂದ,
ಬಾತ್‌ರೂಮಿಗೆ ಹೋಗೋವಾಗ ಜಾರುತ್ತೆ.
ಹೋಗೋವಾಗ? ನಡೆದೆಯಾ?
ನಾಲ್ಕು ಹೆಜ್ಜೆ. ಗೋಡೆ ಹಿಡಕೊಂಡು.

ಬ್ಯಾಗಿನಲ್ಲಿ ಟೇಪು ಇದ್ದೇ ಇರುತ್ತದೆ.
ದಸರೆಗೆ ಹೊಲಿದಾಗ ಮೂವತ್ನಾಲ್ಕು.
ಈಗ ಮೂವತ್ತೊಂದು.
ಟೇಪಿಗೆ ಗಿಂತ ಗೊತ್ತಿಲ್ಲ,
ಇದ್ದಷ್ಟು ಹೇಳಿ ಸುಮ್ಮನಾಗುತ್ತದೆ.

ಅವನಿಗೆ ಲುಂಗಿ ಕೊಟ್ಟು ಪ್ಯಾಂಟು ಮನೆಗೆ ತಂದೆ.
ರಾತ್ರಿ ಸೊಂಟ ಬಿಚ್ಚಿ ಮೂರಿಂಚು ಒಳಗೆ ಹಿಡಿದೆ.
ಕತ್ತರಿ ಕೈಯಲ್ಲೇ ಇತ್ತು.
ಕತ್ತರಿಸಲಿಲ್ಲ.
ಹೆಚ್ಚಿನ ಬಟ್ಟೆ ಒಳಕ್ಕೆ ಮಡಚಿ
ದೊಡ್ಡ ದೊಡ್ಡ ಹೊಲಿಗೆ ಹಾಕಿದೆ,
ಒಂದು ಎಳೆ ಎಳೆದರೆ ಬಿಚ್ಚಿಕೊಳ್ಳುವಂಥವು.